ಬಾಯಿಮಾತಿಗಿಂತ ಬಿಲ್ಲು ಮೇಲು: ಅಮೆರಿಕದಲ್ಲಿ ಪರ್ಫಾರ್ಮೆನ್ಸ್ ಬೋಟ್ ಕೊಳ್ಳುವವರಿಗೆ, ರಿಪೇರಿ ಮಾಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಗಂಟೆಗೆ 70 ಮೈಲಿ ದಾಟಲೆಂದೇ ಕಟ್ಟಿದ, ಉದ್ದ ಮೂತಿಯ, ಆಳವಾದ ವಿ ಆಕಾರದ ತಳದ ದೋಣಿಗಳ ಕಥೆ ಇದು. ಸಿಗರೆಟ್, ಡೊಂಜಿ, ಫಾರ್ಮುಲಾ, ಫೌಂಟೇನ್ ಎಂಬ ಹೆಸರುಗಳನ್ನು ಮಯಾಮಿಯ ಕಡಲಲ್ಲೋ, ಅರಿಜೋನಾದ ಲೇಕ್ ಹವಾಸುವಿನಲ್ಲೋ ನೋಡಿರುತ್ತೀರಿ. ನಿಧಾನಕ್ಕೆ ಸಾಗುವ ಚಪ್ಪಟೆ ಪಾಂಟೂನ್ ಬೋಟಿನಿಂದ ಶುರುಮಾಡಿದ ಒಂದಿಬ್ಬರು ಕನ್ನಡದ ಗೆಳೆಯರು ಈಗ ಇತ್ತ ಕಣ್ಣು ಹಾಕಿದ್ದಾರೆ. ಮಾರುವವರ, ರಿಪೇರಿಯವರ ಬಗ್ಗೆ ಅವರು ಫೋನಿನಲ್ಲಿ ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: "ಆ ಮನುಷ್ಯನನ್ನ ನಂಬಬಹುದಾ?"

ನನ್ನ ಉತ್ತರವೂ ಒಂದೇ. ಮನುಷ್ಯನ ವಿಷಯ ಆಮೇಲೆ ನೋಡೋಣ. ಅಳೆಯಬಹುದಾದದ್ದನ್ನೆಲ್ಲ ಮೊದಲು ಅಳೆಯಿರಿ, ಅಳೆಯಲಾಗದ್ದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಇಷ್ಟು ಮಾಡಿದ ಮೇಲೂ ನಂಬಬೇಕಾದದ್ದು ಉಳಿದಿದ್ದರೆ ಅದು ಬಹಳ ಸ್ವಲ್ಪ. ಪ್ರಾಮಾಣಿಕ ವ್ಯಾಪಾರಿ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೆ ನಿಮಗೆ ಉತ್ತರ ಸಿಕ್ಕಿತು ಅಂತಲೇ ಅರ್ಥ.

ಈ ಧಂದೆ ಮೊದಲಿನಿಂದಲೂ ವ್ಯಕ್ತಿಗಳ ಹೆಸರಿನ ಮೇಲೆ ನಡೆದದ್ದು. ಫಾರ್ಮುಲಾ, ಡೊಂಜಿ, ಮ್ಯಾಗ್ನಮ್, ಸಿಗರೆಟ್ ನಾಲ್ಕನ್ನೂ ಹುಟ್ಟುಹಾಕಿದ್ದು ಡಾನ್ ಅರೊನೊ ಎಂಬ ಒಬ್ಬನೇ ಆಸಾಮಿ. ಒಂದನ್ನು ಮಾರುವುದು, ಅದೇ ಬೀದಿಯಲ್ಲಿ ಇನ್ನೊಂದನ್ನು ಶುರುಮಾಡುವುದು ಅವನ ಪದ್ಧತಿ. ಉತ್ತರ ಮಯಾಮಿಯ ಆ 188ನೇ ಬೀದಿಯಲ್ಲೇ 1987ರ ಫೆಬ್ರವರಿಯಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ದೊಡ್ಡ ಹೆಸರು, ಕೈಕುಲುಕು, ನಗದು ಎಂಬ ಹಳೆಯ ವಾಸನೆ ಈ ವ್ಯಾಪಾರದಿಂದ ಇನ್ನೂ ಪೂರ್ತಿ ಹೋಗಿಲ್ಲ. ಅದಕ್ಕೇ ಇಷ್ಟು ಉದ್ದದ ಬರಹ.

ಹಂತ 1: ಜಾಹೀರಾತನ್ನು ಉಳಿಸಿಕೊಳ್ಳಿ, ಹಲ್ ನಂಬರ್ ಓದಿ

ಫೋನ್ ಮಾಡುವ ಮೊದಲೇ ಜಾಹೀರಾತಿನ ಪ್ರತಿ ಸಾಲನ್ನೂ ಚಿತ್ರಗಳನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ. "ಎಂಜಿನ್ ಹೊಸದಾಗಿ ಕಟ್ಟಿಸಿದ್ದು, 40 ಗಂಟೆ ಓಡಿದೆ" ಎಂಬ ಸಾಲು ಬೆಲೆ ಕುದುರಿದ ಮೇಲೆ ಮಾಯವಾಗುವುದುಂಟು. "ಇದ್ದ ಹಾಗೇ ಮಾರಾಟ" ಎಂದು ಕರಾರಿನಲ್ಲಿ ಬರೆದಿದ್ದರೆ, ಮಾಲು ಚೆನ್ನಾಗಿರಬೇಕೆಂಬ ಕಾನೂನಿನ ಸಹಜ ಭರವಸೆ ನಿಮಗೆ ಸಿಗುವುದಿಲ್ಲ. ಆದರೆ ಮಾರುವವರು ಖಚಿತ ಸಂಗತಿಯಾಗಿ ಹೇಳಿದ್ದು ಬೇರೆ. ನೀವು ನೆಚ್ಚಿಕೊಂಡ ಅಂಥ ಮಾತುಗಳನ್ನು ಒಂದೂ ಬಿಡದೆ ಕರಾರಿನೊಳಗೇ ಸೇರಿಸಿ. "ಸೂಪರ್ ಬೋಟ್ ಸಾರ್, ರಾಕೆಟ್" ಎಂಬುದು ಬರೀ ಹೊಗಳಿಕೆ, ಅದಕ್ಕೆ ಯಾವ ಕೋರ್ಟಿನಲ್ಲೂ ಬೆಲೆ ಇಲ್ಲ.

ಆಮೇಲೆ ಹಲ್ ನಂಬರ್ (ಹಲ್ ಎಂದರೆ ದೋಣಿಯ ಒಡಲು). 1972ರ ನವೆಂಬರ್ ನಂತರ ಅಮೆರಿಕದಲ್ಲಿ ತಯಾರಾದ ಪ್ರತಿ ದೋಣಿಗೂ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ದೋಣಿಯ ಹಿಂಭಾಗದ ಹಲಗೆ, ಅಂದರೆ ಟ್ರಾನ್ಸಮ್‌ನ ಬಲಮೂಲೆಯ ಮೇಲ್ಭಾಗದಲ್ಲಿ ನೋಡಿ. ಮೊದಲ ಮೂರು ಅಕ್ಷರ ತಯಾರಕರದ್ದು, ನಡುವಿನ ಐದು ಕ್ರಮಸಂಖ್ಯೆ, ಕೊನೆಯ ನಾಲ್ಕು ಕಾಲದ್ದು. 1984ರ ಈಚಿನ ದೋಣಿಯಲ್ಲಿ ಕೊನೆಯ ನಾಲ್ಕು "ಸಿ505" ಎಂದಿದ್ದರೆ ಅದು 2005ರ ಮಾರ್ಚ್ ತಿಂಗಳ ದೋಣಿ, 2005ರ ಮಾಡೆಲ್. ಮೊದಲ ಮಾಲೀಕ 2007ರಲ್ಲಿ ಕೊಂಡ ಎಂಬ ಕಾರಣಕ್ಕೆ "2007ರ ಬೋಟ್" ಎಂದು ಜಾಹೀರಾತು ಹಾಕುವವರಿದ್ದಾರೆ. ಎರಡು ವರ್ಷದ ವ್ಯತ್ಯಾಸ ಎಂದರೆ ಕೈಬಿಡುವ ಬೆಲೆಯಲ್ಲ.

1984ರ ಈಚಿನ ದೋಣಿಗಳಲ್ಲಿ ಇದೇ ನಂಬರಿನ ಇನ್ನೊಂದು ಪ್ರತಿ ದೋಣಿಯೊಳಗೆ ಗುಟ್ಟಾದ ಜಾಗದಲ್ಲೂ ಇರುತ್ತದೆ. ಹೊರಗಿನ ನಂಬರ್ ಕೆರೆದಂತೆ ಇದ್ದರೆ, ಸುತ್ತಲಿನ ಜೆಲ್‌ಕೋಟ್ (ಹೊರಮೈಯ ಹೊಳಪಿನ ಪದರ) ಬಣ್ಣ ಬೇರೆಯಾಗಿದ್ದರೆ, ಕಾಗದದ ನಂಬರಿಗೆ ಒಂದಕ್ಷರ ಹೊಂದದಿದ್ದರೂ ಅಲ್ಲಿಂದಲೇ ಹೊರಡಿ. ಅದರ ಬಗ್ಗೆ ವಾದ ಬೇಡ.

ಹಂತ 2: ದೋಣಿಯ ಬೆನ್ನಿಗಂಟಿದ ಸಾಲ ಹುಡುಕಿ

ಇಲ್ಲಿ ಹೊಸಬರು ಎಡವುವುದು ಹೆಚ್ಚು. ಅಮೆರಿಕದ ಕಡಲ ಕಾನೂನಿನಲ್ಲಿ ಮ್ಯಾರಿಟೈಮ್ ಲಿಯನ್ ಎಂಬ ಹಕ್ಕಿದೆ. ಮಾಲೀಕರ ಮಾತಿನ ಮೇಲೆ ದೋಣಿಗೆ ರಿಪೇರಿ ಮಾಡಿದವರು, ಬಿಡಿಭಾಗ ಕೊಟ್ಟವರು, ಮರೀನಾದಲ್ಲಿ ದೋಣಿ ಕಟ್ಟಲು ಜಾಗ ಕೊಟ್ಟವರು ದುಡ್ಡು ಬರದಿದ್ದರೆ ದೋಣಿಯ ಮೇಲೆಯೇ ಹಕ್ಕು ಸಾಧಿಸಬಹುದು. ಎಲ್ಲೂ ನೋಂದಾಯಿಸದೆಯೂ ಆ ಹಕ್ಕು ಇರುತ್ತದೆ, ಮಾರಾಟವಾದರೂ ದೋಣಿಯ ಜೊತೆಗೇ ಬರುತ್ತದೆ. ಹಿಂದಿನವನು ಉಳಿಸಿದ ಎಂಜಿನ್ ಬಿಲ್ಲು ನಿಮ್ಮ ತಲೆಗೆ ಬರಬಹುದು ಎಂದರ್ಥ.

ಆದ್ದರಿಂದ ಹೀಗೆ ಮಾಡಿ:

- ದೋಣಿ ಕೋಸ್ಟ್ ಗಾರ್ಡ್ ದಾಖಲೆಯಲ್ಲಿದ್ದರೆ (ಕನಿಷ್ಠ 5 ನೆಟ್ ಟನ್ ಇರುವವಕ್ಕೆ, ಇದು ತೂಕವಲ್ಲ, ಒಳಜಾಗದ ಅಳತೆ, ಆ ಅವಕಾಶವಿದೆ), ವೆಸ್ಟ್ ವರ್ಜೀನಿಯಾದಲ್ಲಿರುವ ನ್ಯಾಷನಲ್ ವೆಸೆಲ್ ಡಾಕ್ಯುಮೆಂಟೇಶನ್ ಸೆಂಟರ್‌ನಿಂದ ಟೈಟಲ್ ಅಬ್‌ಸ್ಟ್ರ್ಯಾಕ್ಟ್ ತರಿಸಿ. ಮಾಲೀಕರ ಸರಣಿ, ಅಡಮಾನ, ನೋಂದಾಯಿತ ಲಿಯನ್‌ಗಳು ಅದರಲ್ಲಿ ಸಿಗುತ್ತವೆ.
- ರಾಜ್ಯದ ಟೈಟಲ್, ಅಂದರೆ ಮಾಲೀಕತ್ವದ ಪತ್ರ, ಇದ್ದರೆ ಆ ರಾಜ್ಯದಲ್ಲಿ ಲಿಯನ್ ಹುಡುಕಿಸಿ. ಎಲ್ಲ ರಾಜ್ಯಗಳೂ ದೋಣಿಗೆ ಟೈಟಲ್ ಕೊಡುವುದಿಲ್ಲ ಎಂಬುದು ನೆನಪಿರಲಿ.
- ಕಳೆದ ಎರಡು ಮೂರು ವರ್ಷ ದೋಣಿ ಎಲ್ಲಿ ನಿಂತಿತ್ತು, ಯಾರು ಸರ್ವಿಸ್ ಮಾಡಿದರು ಕೇಳಿ. ಮಾರುವವರ ಒಪ್ಪಿಗೆ ಪಡೆದು ಆ ಮರೀನಾಕ್ಕೂ ವರ್ಕ್‌ಶಾಪಿಗೂ ನೀವೇ ಫೋನ್ ಮಾಡಿ: "ಈ ದೋಣಿಯ ಮೇಲೆ ಬಾಕಿ ಏನಾದರೂ ಇದೆಯೇ?"
- ಯಾವ ಬಾಕಿಯೂ ಇಲ್ಲ, ಬಂದರೆ ನನ್ನ ಹೊಣೆ ಎಂದು ಮಾರುವವರಿಂದ ಸಹಿ ಹಾಕಿಸಿ.

ಮೂರನೆಯದಕ್ಕೆ ಹತ್ತು ನಿಮಿಷ ಸಾಕು, ಆದರೆ ಬಹುತೇಕರು ಮಾಡುವುದಿಲ್ಲ. ವರ್ಕ್‌ಶಾಪಿನವರು ಬಾಕಿಯ ಜೊತೆಗೆ ದೋಣಿಯ ಜಾತಕವನ್ನೂ ಹೇಳಿಬಿಡುವುದುಂಟು.

ಚಂಡಮಾರುತದ ದೋಣಿಗಳದ್ದು ಬೇರೆಯೇ ಅಧ್ಯಾಯ. 2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಫ್ಲಾರಿಡಾದ ಪಶ್ಚಿಮ ತೀರದ ಮರೀನಾಗಳಲ್ಲಿ ದೋಣಿಗಳನ್ನು ಒಂದರ ಮೇಲೊಂದು ಪೇರಿಸಿ ಹೋಯಿತು. ವಿಮೆಯವರು ಕೈಬಿಟ್ಟ ಇಂಥ ದೋಣಿಗಳು ಹರಾಜಿಗೆ ಬಂದು, ಪಾಲಿಶ್ ಆಗಿ, ಇನ್ನೊಂದು ರಾಜ್ಯದಲ್ಲಿ ಮಾರಾಟಕ್ಕೆ ನಿಲ್ಲುತ್ತವೆ. ಹಲ್‌ಗೆ ಪೆಟ್ಟಾಗಿದ್ದರೆ ಟೈಟಲ್ ಮೇಲೆ ಅದನ್ನು ನಮೂದಿಸುವ ಕಾನೂನು ಫ್ಲಾರಿಡಾದಲ್ಲಿ 2023ರ ಜುಲೈನಿಂದ ಬಂದಿದೆ. ಎಲ್ಲೆಡೆ ಅಂಥ ಕಾನೂನಿಲ್ಲ. ವಿಮೆ ಕ್ಲೇಮ್ ಆಗಿತ್ತೇ ಎಂದು ನೇರವಾಗಿ ಇಮೇಲ್‌ನಲ್ಲಿ ಕೇಳಿ, ಉತ್ತರವೂ ಇಮೇಲ್‌ನಲ್ಲೇ ಬರಲಿ.

ಹಂತ 3: ಸರ್ವೇಯರ್ ನಿಮ್ಮವರಾಗಿರಲಿ

ದೋಣಿ ಪರೀಕ್ಷಿಸಿ ವರದಿ ಕೊಡುವವರು ಮರೀನ್ ಸರ್ವೇಯರ್. ಅಮೆರಿಕದಲ್ಲಿ ಹಾಗೆಂದು ಬೋರ್ಡು ಹಾಕಿಕೊಳ್ಳಲು ಕೇಂದ್ರ ಸರ್ಕಾರದ ಲೈಸೆನ್ಸ್ ಏನೂ ಬೇಡ. ಅದಕ್ಕೇ ಸ್ಯಾಮ್ಸ್ ಅಥವಾ ನ್ಯಾಮ್ಸ್ ಸಂಘದ ಮಾನ್ಯತೆ ಪಡೆದವರನ್ನು ಹುಡುಕಿ, ಅವರಲ್ಲೂ ವೇಗದ ದೋಣಿ ನೋಡಿ ಪಳಗಿದವರನ್ನು ಆರಿಸಿ. ಫೀಸು ಕೊಡುವವರು ನೀವು, ಆರಿಸುವವರೂ ನೀವೇ. ಬ್ರೋಕರ್ ಒಂದೇ ಒಂದು ಹೆಸರು ಕೊಟ್ಟು "ಇವರನ್ನೇ ಕರೆಸಿ" ಎಂದರೆ ಬೇರೆಯವರನ್ನು ಕರೆಸಿ.

ಸರ್ವೇಯರ್ ಸುತ್ತಿಗೆಯಿಂದ ಹಲ್ ತಟ್ಟುತ್ತಾ ಹೋಗುವಾಗ ನೀವೂ ಜೊತೆಗಿರಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ಬೊದ್ದು ಸದ್ದು. ತೇವಾಂಶ ಮೀಟರ್ ಟ್ರಾನ್ಸಮ್ ಮೇಲೆ ಏನು ಹೇಳುತ್ತದೆ ನೋಡಿ. ಹಳೆಯ ದೋಣಿಗಳಲ್ಲಿ ಫೈಬರ್‌ಗ್ಲಾಸ್ ಪದರಗಳ ನಡುವೆ ಪ್ಲೈವುಡ್ಡೋ ಬಾಲ್ಸಾ ಮರವೋ ಇರುತ್ತದೆ. ಟ್ರಾನ್ಸಮ್‌ಗೆ ಕೂರಿಸುವ ಟ್ರಿಮ್ ಟ್ಯಾಬ್ ಎಂಬ ಪಟ್ಟಿಯ ಒಂದು ಸ್ಕ್ರೂ ಸರಿಯಾಗಿ ಸೀಲ್ ಆಗದಿದ್ದರೂ ನೀರು ಒಳಗಿಳಿದು ಆ ಮರ ಕೊಳೆಯುತ್ತದೆ. ತಳದುದ್ದ ಓಡುವ ಸ್ಟ್ರಿಂಗರ್‌ಗಳು, ಎಂಜಿನ್ ಕೂರುವ ಜಾಗ, ಟ್ರಾನ್ಸಮ್‌ನ ಒಳಮೂಲೆಗಳನ್ನು ಬಿಡದೆ ತೋರಿಸಿಕೊಳ್ಳಿ. ಅಲೆಯಿಂದ ಅಲೆಗೆ ಹಾರಿ ಬಿದ್ದ ಪೆಟ್ಟನ್ನೆಲ್ಲ ಉಂಡದ್ದು ಅವೇ. ಉಳಿದೆಲ್ಲ ಕಡೆ ಬಣ್ಣ ಮಾಸಿದ್ದು, ತಳದ ಒಂದು ಭಾಗದಲ್ಲಿ ಮಾತ್ರ ಹೊಸ ಜೆಲ್‌ಕೋಟ್ ಮಿನುಗುತ್ತಿದ್ದರೆ ಕಾರಣ ಕೇಳಿ.

ಹಲ್ ಸರ್ವೇಯಲ್ಲಿ ಸಾಮಾನ್ಯವಾಗಿ ಎಂಜಿನ್ನಿನ ಒಳಗುಟ್ಟು ಸೇರಿರುವುದಿಲ್ಲ. ಅದಕ್ಕೆ ಬೇರೆ ಮೆಕ್ಯಾನಿಕ್ ಬೇಕು.

ಹಂತ 4: ಎಂಜಿನ್, ಅಂದರೆ ದುಡ್ಡು ಇರುವ ಜಾಗ

ಈ ವ್ಯಾಪಾರದಲ್ಲಿ ಸುಳ್ಳು ಹೆಚ್ಚಾಗಿ ಕೂರುವುದು ಎಂಜಿನ್ ಕೋಣೆಯಲ್ಲಿ. ಅವಳಿ ಎಂಜಿನ್ ಇದ್ದರೆ ಎಲ್ಲವನ್ನೂ ಎರಡು ಸಲ ಮಾಡಿಸಿ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಬೇಡಿ.

*ತಣ್ಣನೆಯ ಎಂಜಿನ್.* "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿರುವಾಗಿನ ಹೊಗೆ, ಸದ್ದು, ಆಯಿಲ್ ಒತ್ತಡ ಬಿಸಿಯಾದ ಮೇಲೆ ಸಿಗುವುದಿಲ್ಲ.

*ಕಂಪ್ಯೂಟರಿನ ನೆನಪು.* ಡ್ಯಾಶ್‌ಬೋರ್ಡಿನ ಗಂಟೆ ಮೀಟರನ್ನು ಬದಲಾಯಿಸುವುದು ಸುಲಭ. ಮರ್ಕ್ಯುರಿಯಂಥ ಫ್ಯುಯೆಲ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಇಸಿಎಂ ಎಂಬ ಕಂಪ್ಯೂಟರ್ ಒಟ್ಟು ಗಂಟೆ, ಯಾವ ಆರ್‌ಪಿಎಂನಲ್ಲಿ ಎಷ್ಟು ಹೊತ್ತು ಓಡಿದೆ, ಏನೇನು ದೋಷ ಕಂಡಿತು ಎಂಬುದನ್ನು ಇಟ್ಟುಕೊಂಡಿರುತ್ತದೆ. ಡೀಲರ್ ಬಳಿಯ ಡಯಾಗ್ನೊಸ್ಟಿಕ್ ಉಪಕರಣದಿಂದ ಅದರ ಪ್ರಿಂಟ್ ತೆಗೆಸಿ. ಕಾರ್ಬ್ಯುರೇಟರ್ ಎಂಜಿನ್ನಿಗೆ ಈ ಅನುಕೂಲ ಇಲ್ಲ. ಅಲ್ಲಿ ರಸೀದಿಗಳೇ ಗತಿ.

*ಕಂಪ್ರೆಶನ್, ಲೀಕ್‌ಡೌನ್.* ಕಂಪ್ರೆಶನ್ ಪರೀಕ್ಷೆಯಲ್ಲಿ ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ಅಂತರ ಮುಖ್ಯ. ಹತ್ತು ಹದಿನೈದು ಪ್ರತಿಶತ ದಾಟಿದರೆ ಅನುಮಾನಿಸಿ. ಲೀಕ್‌ಡೌನ್ ಇನ್ನೂ ಚೆನ್ನಾಗಿ ಬಾಯಿ ಬಿಡಿಸುತ್ತದೆ. ಸಿಲಿಂಡರ್‌ಗೆ ಗಾಳಿ ತುಂಬಿ, ಎಲ್ಲಿಂದ ಸೋರುತ್ತದೆ ಎಂದು ಕಿವಿಗೊಡುವ ಪರೀಕ್ಷೆ ಇದು. ಆಯಿಲ್ ಹಾಕುವ ಬಾಯಿಯಲ್ಲಿ ಸದ್ದು ಬಂದರೆ ಪಿಸ್ಟನ್ ರಿಂಗ್, ಎಕ್ಸಾಸ್ಟ್‌ನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ಗಾಳಿ ಎಳೆಯುವ ಕಡೆ ಬಂದರೆ ಇನ್‌ಟೇಕ್ ವಾಲ್ವ್.

*ಆಯಿಲ್ ಲ್ಯಾಬ್ ವರದಿ.* ಆಯಿಲ್‌ನಲ್ಲಿ ಕಬ್ಬಿಣ, ತಾಮ್ರ, ಸೀಸ ಎಷ್ಟಿದೆ ಎಂಬುದು ಒಳಗಿನ ಸವೆತ ಹೇಳುತ್ತದೆ. ಸೋಡಿಯಂ ಇದ್ದರೆ ಉಪ್ಪುನೀರೋ ಕೂಲಂಟೋ ಒಳಹೊಕ್ಕಿದೆಯೇ ಎಂದು ನೋಡಬೇಕು. ಆದರೆ ನಿನ್ನೆ ತಾನೇ ಬದಲಾಯಿಸಿದ ಆಯಿಲ್ ಏನನ್ನೂ ಹೇಳುವುದಿಲ್ಲ. "ನಿಮಗೋಸ್ಕರ ಹೊಸ ಆಯಿಲ್ ಹಾಕಿಸಿದ್ದೀನಿ" ಎಂಬ ಉಪಕಾರಕ್ಕೆ ಥ್ಯಾಂಕ್ಸ್ ಹೇಳಿ, ಹಳೆಯ ವರದಿ ಕೇಳಿ.

*ಡ್ರೈವ್.* ಎಂಜಿನ್ನಿನ ಬಲವನ್ನು ಪ್ರೊಪೆಲ್ಲರ್‌ಗೆ ಮುಟ್ಟಿಸುವ ಭಾಗ ಇದು. ಕೆಳಗಿನ ಗೇರ್ ಆಯಿಲ್ ಹಾಲಿನಂತಾಗಿದ್ದರೆ ನೀರು ಸೇರಿದೆ, ಆಯಸ್ಕಾಂತಕ್ಕೆ ಚೂರುಗಳು ಅಂಟಿದ್ದರೆ ಗೇರ್ ಕಳಚುತ್ತಿದೆ. ಮರ್ಕ್ಯುರಿಯ ಮಾಮೂಲಿ ಬ್ರಾವೊ ಡ್ರೈವ್‌ಗೆ ಅದು ಹೊರಲಾಗದಷ್ಟು ಅಶ್ವಶಕ್ತಿಯ ಎಂಜಿನ್ ಕಟ್ಟಿದ ದೋಣಿಗಳು ಬೇಕಾದಷ್ಟಿವೆ. ಎಂಜಿನ್ ಯಾವುದು ಎಂದು ಕೇಳುವಾಗಲೇ ಡ್ರೈವ್ ಯಾವ ಮಾಡೆಲ್ ಎಂದೂ ಕೇಳಿ.

*"ರೀಬಿಲ್ಡ್ ಆಗಿದೆ."* ಯಾರು ಮಾಡಿದರು, ಯಾವ ತಿಂಗಳು, ಯಾವ ಪಿಸ್ಟನ್, ಯಾವ ಕ್ಯಾಮ್, ಕ್ರ್ಯಾಂಕ್ ಅಳತೆ ಎಷ್ಟು? ಮಶೀನ್ ಶಾಪಿನ ಬಿಲ್ಲು, ಬಿಡಿಭಾಗದ ಪಟ್ಟಿ, ಡೈನೊ ಹಾಳೆ (ಯಂತ್ರದಲ್ಲಿ ಅಶ್ವಶಕ್ತಿ ಅಳೆದ ವರದಿ) ಮೂರೂ ಇದ್ದರೆ ಅದು ರೀಬಿಲ್ಡ್. ಗ್ಯಾಸ್ಕೆಟ್ ಬದಲಾಯಿಸಿ ಬಣ್ಣ ಹೊಡೆದದ್ದಕ್ಕೂ ಕೆಲವರು ಇದೇ ಹೆಸರು ಕೊಡುತ್ತಾರೆ. ಡೈನೊ ಹಾಳೆ ಕೊಟ್ಟರೆ ಅಶ್ವಶಕ್ತಿ ಕ್ರ್ಯಾಂಕ್‌ನಲ್ಲಿ ಅಳೆದದ್ದೋ ಪ್ರೊಪೆಲ್ಲರ್ ಶಾಫ್ಟ್‌ನಲ್ಲೋ, ಯಾವ ಕರೆಕ್ಷನ್ (ಗಾಳಿಯ ಉಷ್ಣತೆ, ಒತ್ತಡಕ್ಕೆ ತಕ್ಕಂತೆ ಅಂಕಿ ಸರಿಪಡಿಸುವ ಮಾನದಂಡ) ಬಳಸಿದ್ದು ನೋಡಿ. ಎಸ್‌ಎಇಗಿಂತ ಹಳೆಯ ಎಸ್‌ಟಿಡಿ ಕರೆಕ್ಷನ್ ಅದೇ ಎಂಜಿನ್ನನ್ನು ಸುಮಾರು 4 ಪ್ರತಿಶತ ಬಲಶಾಲಿಯಾಗಿ ತೋರಿಸುತ್ತದೆ. ಸುಳ್ಳೇನಲ್ಲ, ಆದರೆ ಕೇಳದವರಿಗೆ ಯಾರೂ ಹೇಳುವುದಿಲ್ಲ.

ಹಂತ 5: ವೇಗದ ಮಾತಿಗೆ ಲೆಕ್ಕ ಹಾಕಿ

"ತೊಂಬತ್ತು ಹೊಡೆಯುತ್ತೆ" ಎಂದರೆ ಕ್ಯಾಲ್ಕುಲೇಟರ್ ತೆಗೆಯಿರಿ. ನನಗೆ ಇದರಲ್ಲಿ ಅತಿ ಹೆಚ್ಚು ಖುಷಿ ಕೊಡುವ ಹಂತ ಇದೇ.

ಎಂಜಿನ್ ಆರ್‌ಪಿಎಂ ಅನ್ನು ಪ್ರೊಪೆಲ್ಲರ್ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಹೋಗಬೇಕಾದ ದೂರ, ಇಂಚುಗಳಲ್ಲಿ) ಜೊತೆ ಗುಣಿಸಿ. ಬಂದದ್ದನ್ನು ಗೇರ್ ಅನುಪಾತದಿಂದ ಭಾಗಿಸಿ, ಮತ್ತೆ 1056ರಿಂದ ಭಾಗಿಸಿ. ಪ್ರೊಪೆಲ್ಲರ್ ಎಳ್ಳಷ್ಟೂ ಜಾರದಿದ್ದರೆ ಸಿಗುವ ವೇಗ, ಗಂಟೆಗೆ ಮೈಲಿಗಳಲ್ಲಿ, ಅದು.

ಉದಾಹರಣೆಗೆ 5000 ಆರ್‌ಪಿಎಂ, 28 ಪಿಚ್, 1.5 ಗೇರ್. 5000 × 28 = 1,40,000. ಅದನ್ನು 1.5ರಿಂದ, ಆಮೇಲೆ 1056ರಿಂದ ಭಾಗಿಸಿದರೆ ಸುಮಾರು 88. ನೀರಿನಲ್ಲಿ ಪ್ರೊಪೆಲ್ಲರ್ ಜಾರಿಯೇ ಜಾರುತ್ತದೆ. 10 ಪ್ರತಿಶತ ಜಾರಿದರೆ ಉಳಿಯುವುದು 79 ಅಥವಾ 80. ಇಂಥ ದೋಣಿ 90 ಓಡುತ್ತದೆ ಎಂದವರು ಒಂದೋ ಪಿಚ್ ತಪ್ಪು ಹೇಳಿದ್ದಾರೆ, ಇಲ್ಲವೇ ಆರ್‌ಪಿಎಂ ತಪ್ಪು ಹೇಳಿದ್ದಾರೆ, ಇಲ್ಲವೇ ವೇಗವನ್ನೇ. ಯಾವುದು ಎಂದು ನಯವಾಗಿ ಕೇಳಿ. ಮುಖ ನೋಡುವಂತಿರುತ್ತದೆ.

ಡ್ಯಾಶ್‌ಬೋರ್ಡಿನ ಸ್ಪೀಡೋಮೀಟರ್ ಬದಲು ಜಿಪಿಎಸ್ ನಂಬಿ. ಅದರಲ್ಲೂ ಒಂದೇ ದಿಕ್ಕಿನ ಓಟ ಸಾಲದು, ಗಾಳಿ ಮತ್ತು ಹರಿವಿನ ಲಾಭ ಕಳೆಯಲು ಹೋಗಿ ಬಂದು ಸರಾಸರಿ ತೆಗೆಯಿರಿ. ಟ್ಯಾಂಕ್ ಅರ್ಧವಾದರೂ ತುಂಬಿರಲಿ. ಮಿಸೌರಿಯ ಲೇಕ್ ಆಫ್ ದ ಓಝಾರ್ಕ್ಸ್‌ನಲ್ಲಿ ಆಗಸ್ಟ್‌ನಲ್ಲಿ ನಡೆಯುವ ಶೂಟ್‌ಔಟ್ ಎಂಬ ವೇಗದ ಸ್ಪರ್ಧೆಯಲ್ಲಿ ಜನರ ಮುಂದೆಯೇ ವೇಗ ಅಳೆಯುತ್ತಾರೆ. ಬಾರಿನಲ್ಲಿ ನೂರು ದಾಟಿದ್ದ ಎಷ್ಟೋ ದೋಣಿಗಳು ಅಂಥ ಕಡೆ ಕಾಣಿಸಿಕೊಳ್ಳುವುದೇ ಇಲ್ಲ.

ಸೀ ಟ್ರಯಲ್‌ನಲ್ಲಿ, ಅಂದರೆ ಕೊಳ್ಳುವ ಮೊದಲು ನೀರಿನಲ್ಲಿ ಓಡಿಸಿ ನೋಡುವಾಗ, ಎಂಜಿನ್ ಪೂರ್ತಿ ಆರ್‌ಪಿಎಂ ಮುಟ್ಟುತ್ತದೆಯೇ, ಅಲ್ಲಿ ಒಂದೆರಡು ನಿಮಿಷ ನಿಂತಾಗ ಉಷ್ಣತೆ, ಆಯಿಲ್ ಒತ್ತಡ ಸ್ಥಿರವಾಗಿವೆಯೇ ನೋಡಿ. ಚುಕ್ಕಾಣಿ ಹಿಡಿಯುವವರು ಆ ದೋಣಿ ಗೊತ್ತಿರುವವರೇ ಆಗಿರಲಿ. ಅವರು ಆಯತಪ್ಪಿದರೆ ಎಂಜಿನ್ ನಿಲ್ಲಿಸುವ ಲ್ಯಾನ್ಯಾರ್ಡ್ ಹಗ್ಗ ಅವರ ಮೈಗೆ ಕಟ್ಟಿರಲಿ. 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ 2021ರ ಏಪ್ರಿಲ್‌ನಿಂದ ಅದು ಕೇಂದ್ರ ಕಾನೂನು. ದೊಡ್ಡವಕ್ಕೆ ಕಾನೂನಿಲ್ಲದಿದ್ದರೂ ಅಷ್ಟೇ ಅಗತ್ಯ.

ಹಂತ 6: ದುಡ್ಡು ಕೈಬದಲಾಗುವ ಮೊದಲು

ಬ್ರೋಕರ್ ಯಾರ ಪರ ಎಂದು ಕೇಳಿ. ಸಾಮಾನ್ಯವಾಗಿ ಮಾರುವವರ ಪರ. ತಪ್ಪಲ್ಲ, ಆದರೆ ಅವರ ಸಲಹೆಯನ್ನು ಆ ತೂಕದಲ್ಲೇ ತೆಗೆದುಕೊಳ್ಳಿ. ಫ್ಲಾರಿಡಾದಲ್ಲಿ 32 ಅಡಿಗಿಂತ ಉದ್ದದ ದೋಣಿ ಮಾರಿಸುವ ಬ್ರೋಕರ್‌ಗೆ ರಾಜ್ಯದ ಲೈಸೆನ್ಸ್ ಬೇಕು, ನಿಮ್ಮ ಮುಂಗಡವನ್ನು ಟ್ರಸ್ಟ್ ಖಾತೆಯಲ್ಲಿಡಬೇಕು. ಕ್ಯಾಲಿಫೋರ್ನಿಯಾದಲ್ಲೂ ಲೈಸೆನ್ಸ್ ಪದ್ಧತಿ ಇದೆ. ಹೆಚ್ಚಿನ ರಾಜ್ಯಗಳಲ್ಲಿ ಇಲ್ಲ, ಅಲ್ಲಿ ಎಸ್ಕ್ರೋ ಏಜೆಂಟ್ (ವ್ಯವಹಾರ ಮುಗಿಯುವವರೆಗೆ ಹಣ ಹಿಡಿದಿಡುವ ಮೂರನೆಯವರು) ಮೂಲಕವೇ ಹಣ ಹೋಗಲಿ.

ಸರ್ವೇ, ಸೀ ಟ್ರಯಲ್, ಎಂಜಿನ್ ಪರೀಕ್ಷೆ ಮೂರೂ ಒಪ್ಪಿಗೆಯಾದರೆ ಮಾತ್ರ ಖರೀದಿ, ಇಲ್ಲದಿದ್ದರೆ ಮುಂಗಡ ವಾಪಸ್, ಇಂಥ ತಾರೀಕಿನೊಳಗೆ. ಈ ಒಂದು ವಾಕ್ಯ ಕರಾರಿನಲ್ಲಿ ಇರಲೇಬೇಕು.

ಹೊಸ ದೋಣಿ ಕಟ್ಟಿಸುವವರಿಗೆ ಒಂದು ಮಾತು. ಈ ಕಂಪನಿಗಳಲ್ಲಿ ಬಹಳಷ್ಟು ಚಿಕ್ಕವು. 2009ರ ಹಿಂಜರಿತದಲ್ಲಿ ಫೌಂಟೇನ್‌ನಂಥ ಹೆಸರಾಂತ ಕಂಪನಿಯೇ ಚಾಪ್ಟರ್ 11 ದಿವಾಳಿ ರಕ್ಷಣೆ ಕೇಳಬೇಕಾಯಿತು. ಕಂಪನಿ ಮುಳುಗಿದರೆ ಗ್ರಾಹಕರ ಮುಂಗಡಕ್ಕೆ ದಿವಾಳಿ ಕಾನೂನು ಕೊಡುವ ಆದ್ಯತೆ ಕೆಲವೇ ಸಾವಿರ ಡಾಲರ್‌ವರೆಗೆ. ಉಳಿದದ್ದಕ್ಕೆ ಸಾಲ ಕೊಟ್ಟವರ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಆದ್ದರಿಂದ ಕೆಲಸ ನಡೆದಂತೆ ಕಂತು ಕಟ್ಟಿ: ಹಲ್ ಅಚ್ಚಿನಿಂದ ಹೊರಬಂದಾಗ ಇಷ್ಟು, ಎಂಜಿನ್ ಬಂದಾಗ ಅದರ ಸೀರಿಯಲ್ ನಂಬರ್ ನಿಮ್ಮ ಹೆಸರಿನ ಬಿಲ್ಲಿನಲ್ಲಿ ನಮೂದಾದ ಮೇಲೆ ಇಷ್ಟು.

ಹಂತ 7: ವರ್ಕ್‌ಶಾಪಿಗೆ ದೋಣಿ ಬಿಡುವಾಗ

ನಾನು ಕಂಡ ಜಗಳಗಳಲ್ಲಿ ನಿಜವಾದ ಮೋಸಕ್ಕಿಂತ, ಹೇಳದೇ ಉಳಿದ ಮಾತಿನದ್ದೇ ಹೆಚ್ಚು. ಗ್ರಾಹಕನ ತಲೆಯಲ್ಲಿ ಒಂದು ಮೊತ್ತ, ಮೆಕ್ಯಾನಿಕ್ ತಲೆಯಲ್ಲಿ ಇನ್ನೊಂದು. ಇಬ್ಬರೂ ಬಾಯಿ ಬಿಟ್ಟಿರುವುದಿಲ್ಲ.

ವರ್ಕ್ ಆರ್ಡರ್‌ನಲ್ಲಿ ರೋಗಲಕ್ಷಣ ಬರೆಸಿ, ಔಷಧಿ ಬರೆಸಬೇಡಿ. "ಪಂಪ್ ಬದಲಾಯಿಸಿ" ಎಂದು ಬರೆಸಿದರೆ ಪಂಪ್ ಬದಲಾಗುತ್ತದೆ, ಎಂಜಿನ್ ಮತ್ತೆ ಬಿಸಿಯಾದರೆ ಹೊಣೆ ನಿಮ್ಮದು. "4000 ದಾಟಿದರೆ ಬಲಗಡೆಯ ಎಂಜಿನ್ ಬಿಸಿಯಾಗುತ್ತದೆ" ಎಂದು ಬರೆಸಿ. ಎಸ್ಟಿಮೇಟ್ ಇಷ್ಟು, ಇದಕ್ಕಿಂತ ಹೆಚ್ಚಾದರೆ ನನ್ನ ಲಿಖಿತ ಒಪ್ಪಿಗೆ ಬೇಕು, ಟೆಕ್ಸ್ಟ್ ಮೆಸೇಜ್ ಆದರೂ ಸಾಕು. ತೆಗೆದ ಹಳೆಯ ಭಾಗಗಳು ನನಗೆ ವಾಪಸ್ ಬೇಕು. ಎಂಜಿನ್ ಬಿಚ್ಚಿದಾಗ ಫೋಟೊ ಕಳಿಸಿ. ಇದನ್ನೆಲ್ಲ ಕೊನೆಯಲ್ಲಿ ಕೇಳಿದರೆ ಅನುಮಾನದಂತೆ ಕಾಣುತ್ತದೆ, ಮೊದಲ ದಿನವೇ ಕೇಳಿದರೆ ವಾಡಿಕೆ.

ತಾರೀಕಿನ ಬಗ್ಗೆ ಮಾತ್ರ ಸ್ವಲ್ಪ ಉದಾರವಾಗಿರಿ. ಮಶೀನ್ ಶಾಪಿನ ಸರದಿ ಎಂಜಿನ್ ಬಿಲ್ಡರ್ ಕೈಯಲ್ಲಿಲ್ಲ. ತಡವಾಗುತ್ತದೆ ಎಂದು ತಾನೇ ಫೋನ್ ಮಾಡಿ ಹೇಳುವವನು, ತಡವೇ ಆಗದವನಿಗಿಂತ ನಂಬಿಗಸ್ತ. ಎರಡನೆಯವನನ್ನು ನಾನಿನ್ನೂ ನೋಡಿಲ್ಲ.

ಗ್ರಾಹಕರ ಪಾಲಿನ ಸತ್ಯ

ಅಂಗಡಿಯವರ ಕಡೆಯಿಂದಲೂ ನೋಡಿ. ಕೊಳ್ಳುವ ಮನಸ್ಸೇ ಇಲ್ಲದೆ ಪುಕ್ಕಟೆ ಸವಾರಿಗೆಂದು ಸೀ ಟ್ರಯಲ್ ಕೇಳುವವರಿದ್ದಾರೆ. ಇಂಧನ ಖರ್ಚು ನಾನೇ ಕೊಡುತ್ತೇನೆ ಎಂದು ಮೊದಲೇ ಹೇಳಿದರೆ ನಿಮ್ಮನ್ನು ಆ ಗುಂಪಿಗೆ ಸೇರಿಸುವುದಿಲ್ಲ.

ಕಡಿಮೆ ಆಕ್ಟೇನ್ ಪೆಟ್ರೋಲ್ ಹಾಕಿ ಸೂಪರ್‌ಚಾರ್ಜರ್ ಎಂಜಿನ್ನಿನ ಪಿಸ್ಟನ್ ಕರಗಿಸಿಕೊಂಡು, "ಸುಮ್ಮನೆ ನಿಂತುಬಿಡ್ತು" ಎಂದು ವಾರಂಟಿ ಕೇಳಿದರೆ ಯಾರೂ ನಂಬುವುದಿಲ್ಲ, ಬಿಚ್ಚಿದ ಪಿಸ್ಟನ್ನೇ ಸಾಕ್ಷಿ ಹೇಳುತ್ತದೆ. ರೆವ್ ಲಿಮಿಟರ್‌ಗೆ (ಆರ್‌ಪಿಎಂ ಮಿತಿ ದಾಟದಂತೆ ತಡೆಯುವ ವ್ಯವಸ್ಥೆ) ಎಷ್ಟು ಸಲ ತಾಗಿಸಿದಿರಿ ಎಂಬುದು ಹಂತ 4ರ ಅದೇ ಇಸಿಎಂನಲ್ಲಿ ಸಿಗುತ್ತದೆ. ನಿಜ ಹೇಳಿದರೆ ಮೆಕ್ಯಾನಿಕ್‌ಗೆ ಹುಡುಕುವ ಗಂಟೆ ಉಳಿಯುತ್ತದೆ. ಆ ಗಂಟೆಯ ಬಿಲ್ಲು ನಿಮ್ಮದೇ. ಎಂಜಿನ್ ಮಾರ್ಪಡಿಸಿದ್ದರೆ ಅದನ್ನೂ ಹೇಳಿ. 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯ ಪ್ರಕಾರ ಬೇರೆ ಕಂಪನಿಯ ಭಾಗ ಹಾಕಿದ್ದೀರಿ ಎಂಬ ಒಂದೇ ಕಾರಣಕ್ಕೆ ಇಡೀ ವಾರಂಟಿ ತಳ್ಳಿಹಾಕುವಂತಿಲ್ಲ. ಆದರೆ ಆ ಭಾಗದಿಂದಲೇ ಹಾಳಾಗಿದ್ದರೆ, ರೇಸಿಗೆ ಬಳಸಿದ್ದರೆ ಮಾತು ಬೇರೆ.

ಇನ್ನು ತೆರಿಗೆ ಉಳಿಸಲು ಬಿಲ್ಲಿನಲ್ಲಿ ಬೆಲೆ ಕಡಿಮೆ ಬರೆಯಿರಿ ಎಂದು ಮಾರುವವರನ್ನು ಕೇಳುವುದು. ನಮ್ಮವರಿಗೆ ಊರಿನ ಸೈಟು ವ್ಯವಹಾರದ ಅಭ್ಯಾಸ. ಇಲ್ಲಿ ಅದು ತೆರಿಗೆ ವಂಚನೆ. ನಾಳೆ ದೋಣಿಯ ವಿಷಯದಲ್ಲಿ ಕೋರ್ಟಿಗೆ ಹೋದರೆ ನೀವು ಕೊಟ್ಟ ದುಡ್ಡಿಗೆ ಕಾಗದವೂ ಇರುವುದಿಲ್ಲ. ಮೊದಲ ದಿನವೇ ಸುಳ್ಳಿಗೆ ಪಾಲುದಾರನಾಗು ಎಂದು ಕೇಳಿದವರಿಗೆ, ಎದುರಿನವನು ಉಳಿದದ್ದೆಲ್ಲ ನಿಜ ಹೇಳಲಿ ಎಂದು ಬಯಸುವ ಮುಖ ಎಲ್ಲಿರುತ್ತದೆ?

ಜಗಳ ಬಂದೇ ಬಂದರೆ

ಮೊದಲು ಮಾಲೀಕರ ಜೊತೆ ಮುಖಾಮುಖಿ ಮಾತಾಡಿ, ಅದೇ ಸಂಜೆ ಮಾತಾಡಿದ್ದನ್ನು ಇಮೇಲ್ ಮಾಡಿ. ಬೇರೆ ಯಾರಿಂದಲೂ ಎಂಜಿನ್ ಬಿಚ್ಚಿಸಬೇಡಿ, ಬಿಚ್ಚಿದರೆ ಸಾಕ್ಷ್ಯ ಹೋಯಿತು. ಎರಡೂ ಕಡೆಯವರು ಒಪ್ಪುವ ಮೂರನೆಯವರಿಂದ, ಇಬ್ಬರ ಎದುರಿನಲ್ಲೇ ಬಿಚ್ಚಿಸಿ. ಫ್ಲಾರಿಡಾದ ಸ್ಮಾಲ್ ಕ್ಲೇಮ್ಸ್ ಕೋರ್ಟಿನ ಮಿತಿ 8000 ಡಾಲರ್. ಅದಕ್ಕಿಂತ ದೊಡ್ಡ ಮೊತ್ತವಾದರೆ ಕಡಲ ಕಾನೂನು ಬಲ್ಲ ವಕೀಲರು ಬೇಕು.

ಸಿಟ್ಟಿನಲ್ಲಿ ದುಡ್ಡು ಕೊಡದೆ ರಾತ್ರೋರಾತ್ರಿ ದೋಣಿ ಎಳೆದುಕೊಂಡು ಬರುವ ಯೋಚನೆ ಬೇಡ. ಬಿಲ್ಲು ತೀರುವವರೆಗೆ ದೋಣಿ ಹಿಡಿದಿಟ್ಟುಕೊಳ್ಳುವ ಹಕ್ಕು ಹಲವು ರಾಜ್ಯಗಳಲ್ಲಿ ವರ್ಕ್‌ಶಾಪಿಗೆ ಇದೆ. ನೀವು ಎಳೆದುಕೊಂಡು ಬಂದರೂ ಹಂತ 2ರಲ್ಲಿ ಹೇಳಿದ ಲಿಯನ್ ದೋಣಿಯ ಬೆನ್ನಿಗೇ ಇರುತ್ತದೆ. ಒಪ್ಪುವಷ್ಟು ಮೊತ್ತವನ್ನು ಮೊದಲು ಕೊಟ್ಟುಬಿಡಿ. ಉಳಿದದ್ದನ್ನೂ ಕೊಟ್ಟೇ ದೋಣಿ ಬಿಡಿಸಿಕೊಳ್ಳಬೇಕಾಗಿ ಬಂದರೆ "ಆಕ್ಷೇಪಣೆಯೊಂದಿಗೆ ಪಾವತಿ" ಎಂದು ಇನ್‌ವಾಯ್ಸ್ ಮೇಲೆ ಬರೆದು, ಅದರ ಫೋಟೊ ತೆಗೆದು, ಬಾಕಿ ಇಲ್ಲವೆಂಬ ಲಿಯನ್ ರಿಲೀಸ್‌ಗೆ ಸಹಿ ಹಾಕಿಸಿಕೊಂಡ ಮೇಲೆ ಟ್ರೇಲರ್ ಕೊಕ್ಕೆ ಹಾಕಿ.